ತಗಡಿನ ಥಿಯೇಟರಿನ ನಗೆ

1941ರ ಜನವರಿ 10ರಂದು ನ್ಯೂಯಾರ್ಕಿನ ಫುಲ್ಟನ್ ಥಿಯೇಟರಿನಲ್ಲಿ ಒಂದು ಹಾಸ್ಯ ನಾಟಕ ತೆರೆ ಕಂಡಿತು. ಜೋಸೆಫ್ ಕೆಸೆಲ್‌ರಿಂಗ್ ಬರೆದ ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಅದರ ಹೆಸರು. ದಿಕ್ಕಿಲ್ಲದ ಮುದುಕರನ್ನು ಮನೆಗೆ ಕರೆದು, ಆದರದಿಂದ ಉಪಚರಿಸಿ, ವಿಷ ಬೆರೆಸಿದ ಮದ್ಯ ಕುಡಿಸಿ ಸದ್ಗತಿ ಕಾಣಿಸುವ ಇಬ್ಬರು ಸಾಧು ಸ್ವಭಾವದ ಮುದುಕಿಯರ ಕಥೆ! ಜನ ಮುಗಿಬಿದ್ದು ನೋಡಿದರು. ಒಟ್ಟು 1,444 ಪ್ರದರ್ಶನಗಳಾದವು. ಆಮೇಲೆ ಅದು ಅಮೆರಿಕದ ಶಾಲೆಗಳಿಗೂ ಸಣ್ಣ ಊರುಗಳ ಹವ್ಯಾಸಿ ತಂಡಗಳಿಗೂ ಇಳಿಯಿತು. ಇಂದಿಗೂ ಅಲ್ಲಿಯ ಅಂಗಡಿಕಾರರು, ಉಪಾಧ್ಯಾಯರು ಸಂಜೆ ತಾಲೀಮು ಮಾಡಿ ಅದನ್ನು ಆಡುತ್ತಾರೆ.

ಅದೇ 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ನಾಟಕದ ಚರಿತ್ರೆ ಬರೆಯುವವರು ನಟರನ್ನು ನೆನೆಯುತ್ತಾರೆ, ಟಿಕೆಟು ಕೊಂಡವರನ್ನು ಮರೆಯುತ್ತಾರೆ. ದಾವಣಗೆರೆ ಹತ್ತಿ ಗಿರಣಿಗಳ ಊರು, ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡದ್ದು. ಪಕ್ಕದಲ್ಲೇ ಹರಿಹರದ ಕಾರ್ಖಾನೆ. ಸಂಬಳದ ಕೂಲಿಕಾರರು, ಮಂಡಿಗೆ ಮಾಲು ತಂದು ರಾತ್ರಿ ಉಳಿಯುವ ರೈತರು, ರೈಲಿನ ಅನುಕೂಲ: ನಾಟಕ ಕಂಪನಿಗೆ ಇನ್ನೇನು ಬೇಕು?

ಈ ಊರೇ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ತವರು. ಅವರ ಮಗಳು ಚಿಂದೋಡಿ ಲೀಲಾ ಕಂಪನಿಯ ನಾಯಕಿಯಾಗಿ, ಒಡತಿಯಾಗಿ ಬೆಳೆದರು; 1988ರಲ್ಲಿ ಪದ್ಮಶ್ರೀ ಪಡೆದರು; 2010ರಲ್ಲಿ ತೀರಿಕೊಂಡರು. ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ಎಂದರೆ ಆ ಕಾಲದವರ ಮುಖ ಇಂದೂ ಅರಳುತ್ತದೆ. ತಗಡಿನ ಥಿಯೇಟರು ಹಾಕಿ, ಜನ ಬರುವಷ್ಟು ದಿನ ಒಂದೇ ಊರಿನಲ್ಲಿ ‘ಕ್ಯಾಂಪು’ ಮಾಡುವುದು ಕಂಪನಿಗಳ ರೀತಿ.

ಈ ನಾಟಕಗಳಲ್ಲಿ ಹಾಸ್ಯಕ್ಕೆ ಬೇರೆಯೇ ಸ್ಥಾನ. ಕಣ್ಣೀರಿನ ಕಥೆಯ ನಡುವೆ ಹಾಸ್ಯಗಾರನದೇ ಒಂದು ಉಪಕಥೆ ನಡೆಯುತ್ತದೆ. ಅಚ್ಚಾದ ಪುಸ್ತಕದಲ್ಲಿ ಅದು ಎರಡು ಮೂರು ಪುಟವಿದ್ದರೆ, ರಂಗದ ಮೇಲೆ ಎಷ್ಟು ಹೊತ್ತು ಎನ್ನುವುದನ್ನು ಆ ದಿನದ ಪ್ರೇಕ್ಷಕರೇ ನಿರ್ಧರಿಸುತ್ತಾರೆ. ಊರಿನ ಹೊಂಡ ಬಿದ್ದ ರಸ್ತೆ, ಬಾರದ ನಲ್ಲಿ ನೀರು, ಮುಂದಿನ ಸಾಲಿನಲ್ಲಿ ಕುಳಿತ ಪುಢಾರಿ, ಎಲ್ಲವೂ ಮಾತಿನೊಳಗೆ ಬರುತ್ತವೆ. ಹಿರಣ್ಣಯ್ಯ ಮಿತ್ರ ಮಂಡಳಿಯ ‘ಲಂಚಾವತಾರ’ ಈ ಬಗೆಯ ಆಶುಮಾತಿನಿಂದಲೇ ದಶಕಗಳ ಕಾಲ ಬಾಳಿತು. ವಿಜ್ಞಾನ ಓದಿದ ನನಗೆ ಇದು ಪ್ರಯೋಗಾಲಯದಂತೆ ಕಾಣುತ್ತದೆ: ನಗೆ ಬರದ ಮಾತು ಮರುದಿನ ಇರುವುದಿಲ್ಲ.

ಕಂಪನಿಯಲ್ಲಿ ಗೆದ್ದ ನಾಟಕ ಹಳ್ಳಿಗೆ ಇಳಿಯುತ್ತದೆ. ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೆ ಯುವಕರೇ ನಾಟಕ ಕಲಿಯುತ್ತಾರೆ. ಹಾರ್ಮೋನಿಯಂ ಮಾಸ್ತರು ತಾಲೀಮು ಕೊಡುತ್ತಾರೆ. ಪರದೆ, ಸೀನರಿ ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಬೆಳಗಿನ ತನಕ ಅಭಿನಯಿಸಿ ಅವರು ಮೊದಲ ಬಸ್ಸು ಹಿಡಿಯುತ್ತಾರೆ. ಅಮೆರಿಕದ ಸಮುದಾಯ ರಂಗಭೂಮಿಗೆ ಸಾಟಿಯಾದದ್ದು ನಮ್ಮಲ್ಲಿ ಇದೇ ಎನ್ನಬೇಕು.

ವ್ಯತ್ಯಾಸ ಒಂದಿದೆ. ಕೆಸೆಲ್‌ರಿಂಗನ ನಾಟಕದಲ್ಲಿ ಕೊಲೆಗಾರ ಜೊನಾಥನ್ನನ ಮುಖ ಭಯದ ಚಿತ್ರಗಳ ನಟ ಬೋರಿಸ್ ಕಾರ್ಲಾಫನಂತಿದೆ ಎಂಬ ತಮಾಷೆ ಬರುತ್ತದೆ. ಮೊದಲು ಆ ಪಾತ್ರ ಮಾಡಿದವನು ಸ್ವತಃ ಕಾರ್ಲಾಫ್! ಆತ ತೀರಿಕೊಂಡು ಅರ್ಧ ಶತಮಾನ ದಾಟಿದರೂ ಆ ಮಾತು ಪುಸ್ತಕದಲ್ಲಿ ಉಳಿದಿದೆ. ನಮ್ಮ ಹಾಸ್ಯಗಾರರ ಮಾತು ಹಾಗೆ ಉಳಿಯಲಿಲ್ಲ. ಹಳ್ಳಿಯ ಹುಡುಗರಿಗೆ ಸಿಕ್ಕಿದ್ದು ಬರೀ ಅಚ್ಚಿನ ಪುಟ. ಮಿಕ್ಕದ್ದನ್ನು ಅವರು ನೋಡಿ ಕಲಿಯಬೇಕಿತ್ತು, ನೋಡಲು ಕಂಪನಿ ಇರಬೇಕಿತ್ತು.

ಇನ್ನೊಂದು ಸಂಗತಿ. ಈ ನಾಟಕವನ್ನು ಫ್ರಾಂಕ್ ಕಾಪ್ರಾ 1941ರಲ್ಲೇ ಚಿತ್ರೀಕರಿಸಿದರೂ, ರಂಗದ ಮೇಲಿನ ಆಟ ಮುಗಿಯುವ ತನಕ ಬಿಡುಗಡೆ ಮಾಡಬಾರದೆಂಬ ಒಪ್ಪಂದವಿತ್ತು. ಚಿತ್ರ ತೆರೆಗೆ ಬಂದದ್ದು 1944ರಲ್ಲಿ. ನಮ್ಮ ಮಾಧ್ಯಮ ಹಾಗೆ ಕಾಯಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ವಾರದ ಕೊನೆಯ ಸಂಜೆ ಮನೆಯಲ್ಲೇ ಕನ್ನಡ ಚಲನಚಿತ್ರ ಬರತೊಡಗಿತು. 1987ರಲ್ಲಿ ‘ರಾಮಾಯಣ’ ಬಂದಿತು. ಕಂಪನಿಗಳಿಗೆ ಹೆಚ್ಚು ಗಳಿಕೆ ತರುವ ದಿನಗಳೂ ಅವೇ ಆಗಿದ್ದವು. ಗಿರಣಿಗಳು ಸೊರಗಿದ್ದು, ಕಿರ್ಲೋಸ್ಕರ್ ಮುಚ್ಚಿದ್ದು ಇದಕ್ಕೆ ಸೇರಿಕೊಂಡವು. ಎಲ್ಲ ತಪ್ಪನ್ನೂ ಟಿ.ವಿ.ಯ ಮೇಲೆ ಹೊರಿಸುವುದು ನ್ಯಾಯವಲ್ಲ; ಆದರೆ ನಿರ್ಮಾಪಕನಾಗಿ ನಾನು ಈ ಲೆಕ್ಕವನ್ನು ಬಿಟ್ಟು ಬರೆಯಲಾರೆ.

ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ಈಗಲೂ ಕಂಪನಿಗಳು ಬರುತ್ತವೆ. ವೃತ್ತಿ ರಂಗಭೂಮಿಗೆಂದೇ ಸರ್ಕಾರ ಈ ಊರಿನಲ್ಲಿ ರಂಗಾಯಣವೊಂದನ್ನು ತೆರೆದಿದೆ. ಹಳೆಯ ಹಾಸ್ಯಗಾರರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರ ಎದುರು ಒಂದು ಕ್ಯಾಮೆರಾ ಮಾತ್ರವಲ್ಲ, ನಗುವ ನೂರು ಜನರನ್ನೂ ಕೂರಿಸಿ ಧ್ವನಿಮುದ್ರಿಸಬೇಕು. ಖಾಲಿ ಸ್ಟುಡಿಯೋದಲ್ಲಿ ಆ ಮಾತುಗಳು ಬರುವುದಿಲ್ಲ.