ಜಾರಿ

ಸಮನ್ಸ್ ‘ಜಾರಿ’ಯಾಯಿತು ಎನ್ನುವಾಗಿನ ಜಾರಿಗೂ ಕಾಲು ಜಾರಿ ಬೀಳುವುದಕ್ಕೂ ನಂಟಿಲ್ಲ. ಎರಡನೆಯದು ಅಚ್ಚ ದ್ರಾವಿಡ ಧಾತು. ಮೊದಲನೆಯದು ಅರಬ್ಬಿಯದು, ಹರಿಯುವ, ನಡೆಯುತ್ತಿರುವ ಎಂಬರ್ಥದ ಪದ ಪಾರಸಿಯ ಮೂಲಕ ಆಡಳಿತದ ಕನ್ನಡಕ್ಕೆ ಬಂತು. ಡಿಕ್ರಿಯ ‘ಅಮಲ್ಜಾರಿ’ಯಲ್ಲಿರುವುದೂ ಇದೇ. ನೋಟಿಸು ಒಯ್ಯುವ ಅಮೀನರ ಹೆಸರೂ ಅರಬ್ಬಿಯೇ: ನಂಬಿಗಸ್ತ ಎಂದರ್ಥ.

ಕೌಟುಂಬಿಕ ನ್ಯಾಯಾಲಯದಲ್ಲಿ ಈ ಪದದ ತೂಕ ಹೆಚ್ಚು. ಎದುರುದಾರರು ಮನೆಯಲ್ಲಿಲ್ಲದೆ, ಬೇಗ ಸಿಗುವ ಸಂಭವವೂ ಇಲ್ಲದಿದ್ದರೆ ಅದೇ ಮನೆಯ ವಯಸ್ಕ ಸದಸ್ಯರಿಗೆ ಸಮನ್ಸ್ ಕೊಡಬಹುದೆನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ. ಮೊದಲು ಗಂಡಸರಿಗೆ ಮಾತ್ರ ಕೊಡಬಹುದಿತ್ತು. 1976ರ ತಿದ್ದುಪಡಿ ಹೆಂಗಸರನ್ನೂ ಸೇರಿಸಿತು. ಮನೆಯ ಆಳು ಈ ಲೆಕ್ಕಕ್ಕಿಲ್ಲ. ಆದರೆ ಗಂಡ ಹೂಡಿದ ವಿಚ್ಛೇದನದ ಮೊಕದ್ದಮೆಯಲ್ಲಿ, ತವರಿನಲ್ಲಿರುವ ಹೆಂಡತಿಯ ಸಮನ್ಸನ್ನು ಅವನ ಮನೆಯಲ್ಲೇ ಅವನ ತಾಯಿ ಪಡೆದರೆ? ಅದನ್ನು ಜಾರಿ ಎನ್ನುವುದು ಅನ್ಯಾಯ. ಆಕೆಗೆ ತಿಳಿಯದಂತೆ ಏಕಪಕ್ಷೀಯ ತೀರ್ಪಾಗಿದ್ದರೆ, ಜಾರಿ ಸರಿಯಾಗಿ ಆಗಿಲ್ಲವೆಂದು ತೋರಿಸಿ ಅದನ್ನು ರದ್ದುಪಡಿಸಲು 9ನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಬಹುದು.