ಮಾಧವಿಯ ಹೆಸರು

ಬಂಕಾಪುರವೆಂದೊಡನೆ ಕೋಟೆ, ನಗರೇಶ್ವರ ದೇವಾಲಯದ ಕಂಬಗಳ ಸಾಲು, ನವಿಲುಧಾಮ ನೆನಪಿಗೆ ಬರುವುದು ಸಹಜ. ಸಾಹಿತ್ಯದ ವಿದ್ಯಾರ್ಥಿಗೆ ಇನ್ನೊಂದು ನೆನಪೂ ಉಂಟು. ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತ ಈ ಊರಿನಲ್ಲಿ, ಅವನ ಮಗ ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು.

ಗುಣಭದ್ರರ ಗುರುಗಳು ಜಿನಸೇನರು. ಅವರ ಪಾರ್ಶ್ವಾಭ್ಯುದಯವು ಕಾಳಿದಾಸನ ಮೇಘದೂತದ ಸಾಲುಗಳನ್ನು ತನ್ನ ಪದ್ಯಗಳೊಳಗೆ ಹೆಣೆದುಕೊಂಡು ಪಾರ್ಶ್ವನಾಥನ ಕಥೆಯನ್ನು ಹೇಳುವ ಅಪೂರ್ವ ಕಾವ್ಯ. ಯಕ್ಷನ ಮನೆಯಂಗಳದ ಮಾಧವೀಮಂಟಪವೂ ಹೀಗೆ ಒಂಬತ್ತನೆಯ ಶತಮಾನದಲ್ಲಿಯೇ ಈ ಗುರುಪರಂಪರೆಯ ಓದಿನೊಳಕ್ಕೆ ಬಂದಿತು. ಸಾವಿರ ವರ್ಷಗಳು ಕಳೆದ ಮೇಲೆ, 1943ರಲ್ಲಿ, ಧಾರವಾಡದ ಬೇಂದ್ರೆಯವರ ಕನ್ನಡ ಮೇಘದೂತ ಪ್ರಕಟವಾಯಿತು.

ಈ ಮಾಧವಿ ಯಾವ ಬಳ್ಳಿ? ಅಮರಕೋಶವು ಅದನ್ನು ಅತಿಮುಕ್ತ, ಪುಂಡ್ರಕ, ವಾಸಂತೀ ಎಂಬ ಹೆಸರುಗಳೊಡನೆ ಹೇಳುತ್ತದೆ. ಸಸ್ಯಶಾಸ್ತ್ರಜ್ಞರ ಹಿಪ್ಟೇಜ್ ಬೆಂಗಾಲೆನ್ಸಿಸ್ ಇದೇ. ಅಂಚು ಸೀಳಿದ ಐದು ಬಿಳಿಯ ಎಸಳು, ಒಂದರ ಮೇಲೆ ಮಾತ್ರ ಹಳದಿಯ ಛಾಯೆ, ಗಾಢವಾದ ಪರಿಮಳ. ಚಳಿ ಹಿಂಜರಿದು ವಸಂತ ಬರುವಾಗ ಹೂ ತಳೆಯುತ್ತದೆ. ಆಮೇಲೆ ಮೂರು ರೆಕ್ಕೆಗಳ ಕಾಯಿ ಗಾಳಿಯಲ್ಲಿ ತಿರುಗುತ್ತ ಇಳಿಯುತ್ತದೆ.

ಇಂದು ಪೇಟೆಯ ಸಸಿತೋಟಗಳಲ್ಲಿ ಮಾಧವಿ, ಮಧುಮಾಲತಿ ಎಂದು ಕೊಡುವುದು ಬಹುಮಟ್ಟಿಗೆ ಬೇರೆಯೇ ಒಂದು ಬಳ್ಳಿ. ಸಂಜೆ ಬಿಳಿದಾಗಿ ಅರಳಿ, ಮರುದಿನ ಗುಲಾಬಿಯಾಗಿ, ಬಳಿಕ ಕೆಂಪಾಗುವ ಆ ಗೊಂಚಲು ರಂಗೂನ್ ಬಳ್ಳಿಯದು. ಇಂಗ್ಲಿಷರು ಅದನ್ನು ಚೀನಾ ಹನಿಸಕಲ್ ಎಂದೂ ಕರೆದರು. ನಿಜವಾದ ಹನಿಸಕಲ್ಲಿನ ಕುಲಕ್ಕೂ ಅದಕ್ಕೂ ಸಂಬಂಧವಿಲ್ಲ. 1762ರಲ್ಲಿ ಲಿನೇಯಸ್ ಇತ್ತ ಕ್ವಿಸ್‌ಕ್ವಾಲಿಸ್ ಎಂಬ ಹೆಸರಿಗೆ ಲ್ಯಾಟಿನ್ನಿನಲ್ಲಿ ‘ಯಾರು? ಎಂಥದು?’ ಎಂದು ಅರ್ಥ. ರವೀಂದ್ರನಾಥ ಠಾಕೂರರು ಈ ಪ್ರಶ್ನೆಗೆ ಕವಿಯ ಉತ್ತರ ಕೊಟ್ಟರು. ಹಳೆಯ ಹೂವಿನ ಹೆಸರನ್ನು ಎರವಲು ತಾರದೆ ಅದನ್ನು ಮಧುಮಂಜರಿ ಎಂದು ಕರೆದರು. 1931ರ ವನವಾಣಿಯಲ್ಲಿ ಆ ಹೆಸರಿನ ಕವಿತೆಯೇ ಇದೆ.

ಹೊಸ ಬಳ್ಳಿ ಅಂಗಳಕ್ಕೆ ಬಂದುದರಲ್ಲಿ ದೋಷವಿಲ್ಲ. ಆದರೆ ಹಳೆಯ ಹೆಸರು ಅದಕ್ಕೆ ಅಂಟಿಕೊಂಡರೆ, ಯಕ್ಷನ ಮಂಟಪವನ್ನು ಓದುವ ಎಳೆಯರ ಕಣ್ಣಿಗೆ ಬಿಳಿಯ ಹೂವಿನ ಬದಲು ಕೆಂಪು ಗೊಂಚಲು ಕಟ್ಟುತ್ತದೆ. ಕೋಶದಲ್ಲಿ ಅರ್ಥ ಉಳಿದಿದ್ದರೂ ಕಾವ್ಯದಲ್ಲಿ ಅದು ಅಳಿದಂತೆಯೇ.

ಆದುದರಿಂದ ಮಾಧವಿಯನ್ನು ಬೆಳೆಸುವುದೂ ಒಂದು ಬಗೆಯ ಟೀಕೆ ಬರೆದಂತೆ. ಮಳೆಗಾಲದ ಮೊದಲಲ್ಲಿ, ಬಿಸಿಲು ಚೆನ್ನಾಗಿ ಬೀಳುವೆಡೆ ನೆಡಬೇಕು. ಕಪ್ಪು ನೆಲವಾದರೆ ಮರಳು, ಗೊಬ್ಬರ ಬೆರೆಸಿ, ಬುಡದಲ್ಲಿ ನೀರು ನಿಲ್ಲದಂತೆ ಏರಿ ಕಟ್ಟಬೇಕು. ಮೊದಲೆರಡು ಬೇಸಿಗೆ ನೀರು ತಪ್ಪಬಾರದು. ಇದು ಮಲ್ಲಿಗೆಯಂತೆ ನವುರಾದ ಬಳ್ಳಿಯಲ್ಲ, ಕಾಂಡ ಮರದಂತೆ ಬಲಿಯುತ್ತದೆ. ಬಿದಿರ ತಟ್ಟಿ ಸಾಲದು, ಕಲ್ಲುಕಂಬದ ಚಪ್ಪರವೇ ಬೇಕು. ಹೂ ಮುಗಿದೊಡನೆ ಕೊಂಬೆಗಳನ್ನು ಸವರಬೇಕು. ಅಂಕೆ ತಪ್ಪಿದರೆ ಇದು ಆಸರೆಯ ಮರವನ್ನೇ ಮುಸುಕುತ್ತದೆ. ಮಾರಿಷಸ್, ರೀಯೂನಿಯನ್ ದ್ವೀಪಗಳ ಕಾಡುಗಳಲ್ಲಿ ಅದೊಂದು ಪಿಡುಗಾಗಿದೆ. ಕಾಳಿದಾಸ ಇದಕ್ಕೆ ಮಂಟಪವನ್ನೂ, ಸುತ್ತ ಕುರವಕದ ಬೇಲಿಯನ್ನೂ ಕೊಟ್ಟುದು ಬರಿಯ ಅಲಂಕಾರಕ್ಕಲ್ಲವೆಂದು ಬಳ್ಳಿಯನ್ನು ಸಾಕಿದವರಿಗೆ ತಿಳಿಯುತ್ತದೆ.