ಜೀರ್ಣಾಂಗ ವ್ಯೂಹ: ಅಗಿಯದೆ ನುಂಗಿದ ಮುದ್ದೆಯ ದಾರಿ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ನಾಲೆಯ ನೀರು ಹರಿಯುವ ಬಯಲು ಭತ್ತದ್ದು, ಮಳೆ ನಂಬಿದ ಹೊಲ ರಾಗಿಯದು. ಈ ಸೀಮೆಯಲ್ಲಿ ‘ಹಿಟ್ಟು’ ಎಂದರೆ ಮುದ್ದೆಯೇ. ಬಿಸಿ ಮುದ್ದೆಯ ಅಂಚನ್ನು ಬೆರಳ ತುದಿಯಲ್ಲಿ ಮುರಿದು, ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಮಾಡಿ, ಉಪ್ಪೆಸರಿನಲ್ಲೋ ಬಸ್ಸಾರಿನಲ್ಲೋ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗುತ್ತಾರೆ. ಶಾಲೆಯ ಪಾಠವಾದರೋ ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಿರಿ ಎನ್ನುತ್ತದೆ. ಹಾಗಾದರೆ ತಲೆಮಾರುಗಳಿಂದ ಮುದ್ದೆ ನುಂಗಿ ಹೊಲ ಉತ್ತವರೆಲ್ಲ ತಮ್ಮ ಹೊಟ್ಟೆಗೆ ಅನ್ಯಾಯ ಮಾಡಿಕೊಂಡರೇ? ಹಾಗೆ ಅನ್ನಿಸುವುದಕ್ಕೆ ನಮ್ಮ ಮಾತೂ ಒಂದು ಕಾರಣ. ಎದೆಯ ಕೆಳಗಿನದನ್ನೆಲ್ಲ ನಾವು ‘ಹೊಟ್ಟೆ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿ, ಅರಗಿಸುವ ಹೊಣೆಯನ್ನು ಪೂರ್ತಿ ಜಠರದ ಮೇಲೆ ಹೊರಿಸಿಬಿಟ್ಟಿದ್ದೇವೆ. ನಿಜದಲ್ಲಿ ಅರಗಿಸುವ ಕೆಲಸ ದೇಹದ ಹೊರಗೆ, ಬೀಸುವ ಕಲ್ಲು ಮತ್ತು ಒಲೆಯ ಬಳಿಯೇ ಆರಂಭವಾಗುತ್ತದೆ. ಅದು ಮುಗಿಯುವುದು ಸಣ್ಣ ಕರುಳಿನಲ್ಲಿ. ನಡುವಿನ ಜಠರ ಮುಖ್ಯವಾಗಿ ಉಗ್ರಾಣ, ಕಡೆಗೋಲು ಮತ್ತು ಕಾವಲು.

ಹಲ್ಲು ಮಾಡುವ ಕೆಲಸವೆಂದರೆ ಆಹಾರವನ್ನು ಒಡೆದು ಅದರ ಮೇಲ್ಮೈ ಹೆಚ್ಚಿಸುವುದು. ರಾಗಿಯ ವಿಷಯದಲ್ಲಿ ಅದನ್ನು ಗಿರಣಿಯೇ ಮುಗಿಸಿರುತ್ತದೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಬೇಯಲು ಬಿಟ್ಟು, ಕೋಲಿನಿಂದ ಗಂಟಿಲ್ಲದಂತೆ ತೊಳಸಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಸಡಿಲವಾಗುತ್ತವೆ. ಕಿಣ್ವಗಳು ಸುಲಭವಾಗಿ ಹಿಡಿಯುವುದು ಹೀಗೆ ಬೆಂದ ಪಿಷ್ಟವನ್ನೇ. ಗಂಟಿನೊಳಗೆ ಉಳಿದ ಹಸಿ ಹಿಟ್ಟು ಅಷ್ಟು ಸುಲಭವಾಗಿ ಒಡೆಯದೆ ದೊಡ್ಡ ಕರುಳಿನವರೆಗೂ ಸಾಗಿ ಅಲ್ಲಿ ಹುದುಗಿ ವಾಯುವಾಗುತ್ತದೆ. ಮುದ್ದೆಯಲ್ಲಿ ಗಂಟಿರಬಾರದೆಂಬ ಅಡುಗೆಮನೆಯ ಹಟಕ್ಕೆ ರುಚಿಯಷ್ಟೇ ಅಲ್ಲದೆ ಈ ಆಧಾರವೂ ಇದೆ. ನುಂಗುವಾಗ ತಪ್ಪಿಹೋಗುವುದು ಜೊಲ್ಲಿನ ಬೆರಕೆ. ಜೊಲ್ಲಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಸಕ್ಕರೆಯತ್ತ ಒಡೆಯುತ್ತದೆ ನಿಜ, ಆದರೆ ಜಠರದ ಆಮ್ಲ ತಾಗಿದೊಡನೆ ಅದರ ಆಟ ನಿಲ್ಲುತ್ತದೆ. ಅದಕ್ಕಿಂತ ಬಹಳ ಹೆಚ್ಚು ಅಮೈಲೇಸನ್ನು ಮೇದೋಜೀರಕ ಗ್ರಂಥಿ ಮುಂದೆ ಸಣ್ಣ ಕರುಳಿಗೆ ಸುರಿಸುವುದರಿಂದ ಬಾಯಲ್ಲಿ ಬಿಟ್ಟ ಕೆಲಸ ಅಲ್ಲಿ ಪೂರೈಸುತ್ತದೆ.

ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಹತ್ತು ಸೆಕೆಂಡಿನೊಳಗೆ ದಾಟುತ್ತದೆ. ತೂಕದಿಂದ ತಾನಾಗಿ ಬೀಳುವುದಲ್ಲ, ಸ್ನಾಯುಗಳು ಅಲೆಯಂತೆ ಹಿಂಡಿ ತಳ್ಳುತ್ತವೆ. ಜಠರ ಒಂದು ಊಟಕ್ಕೆ ಒಂದೂವರೆ ಲೀಟರಿನಷ್ಟು ಹಿಗ್ಗಬಲ್ಲ ಚೀಲ. ಅದರ ಕೆಳಭಾಗ ನಿಮಿಷಕ್ಕೆ ಸುಮಾರು ಮೂರು ಸಲ ಹಿಂಡುತ್ತ ಆಹಾರವನ್ನು ಮುಚ್ಚಿದ ಬಾಗಿಲಿಗೆ ಬಡಿದು ಹಿಂದಕ್ಕೆ ನೂಕುತ್ತದೆ. ಒಂದೆರಡು ಮಿಲಿಮೀಟರಿಗಿಂತ ಸಣ್ಣದಾದ ಚೂರುಗಳಿಗಷ್ಟೇ ಆ ಬಾಗಿಲು ದಾರಿ ಬಿಡುವುದು. ಮುದ್ದೆಯ ಉಂಡೆ ಇಲ್ಲಿ ಹೊರಗಿನಿಂದ ಒಳಕ್ಕೆ ಸವೆದು ಗಂಜಿಯಾಗುತ್ತದೆ. ಜಠರದ ಪೆಪ್ಸಿನ್ ಕಿಣ್ವ ಪ್ರೋಟೀನನ್ನು ಕತ್ತರಿಸಲು ತೊಡಗುತ್ತದಾದರೂ ರಾಗಿಯಲ್ಲಿ ಪ್ರೋಟೀನ್ ಇರುವುದು ನೂರಕ್ಕೆ ಏಳರಷ್ಟು ಮಾತ್ರ. ಸಾರಿನ ಕಾಳುಗಳಲ್ಲೇ ಅದಕ್ಕೆ ಹೆಚ್ಚು ಕೆಲಸ. ಹೈಡ್ರೋಕ್ಲೋರಿಕ್ ಆಮ್ಲದ ದೊಡ್ಡ ಉಪಕಾರ ಬೇರೆಯೇ: ಊಟ, ನೀರುಗಳ ಜೊತೆ ಬಂದ ರೋಗಾಣುಗಳಲ್ಲಿ ಬಹುಪಾಲನ್ನು ಅದು ಅಲ್ಲೇ ಕೊಲ್ಲುತ್ತದೆ. ನಂಜುಂಡವನ ಹೆಸರು ಹೊತ್ತ ಊರಿನವರಿಗೆ ಈ ಮಾತು ಬೇಗ ಹಿಡಿಸೀತು: ನಂಜನ್ನು ಮುಂದಕ್ಕೆ ಬಿಡದೆ ತಡೆದು ನಿಲ್ಲಿಸುವ ಸ್ಥಳ ಜಠರ. ಇದನ್ನು ಪೂರ್ತಿ ತೆಗೆದರೂ ಮನುಷ್ಯ ಬದುಕಬಲ್ಲನೆಂದು 1897ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ ಮಾಡಿದ ಶಸ್ತ್ರಚಿಕಿತ್ಸೆ ತೋರಿಸಿಕೊಟ್ಟಿತು. ಅಂಥವರು ಇಂದು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕು, ವಿಟಮಿನ್ ಬಿ12ನ್ನು ಬೇರೆಯಾಗಿ ಪಡೆಯಬೇಕು. ಸಣ್ಣ ಕರುಳನ್ನೇ ಕಳೆದುಕೊಂಡವರು ಮಾತ್ರ ರಕ್ತನಾಳದ ಮೂಲಕ ಆಹಾರ ಪಡೆಯದೆ ಉಳಿಯಲಾರರು. ಯಾವ ಅಂಗದ ಪಾಲು ಎಷ್ಟೆಂದು ತಿಳಿಯಲು ಇಷ್ಟು ಸಾಕ್ಷ್ಯ ಸಾಕು.

ಜಠರದ ಬಾಗಿಲಾಚೆಗಿನ ಕರುಳಿನ ಮೊದಲ ಭಾಗ ಸುಮಾರು ಒಂದು ಗೇಣು, ಅಂದರೆ ಹನ್ನೆರಡು ಬೆರಳಿನಷ್ಟು. ಇಡೀ ವ್ಯೂಹದ ಮರ್ಮವಿರುವುದು ಈ ಒಂದು ಗೇಣಿನಲ್ಲಿ. ತಿರುಮಕೂಡಲಿನಲ್ಲಿ ಕಾವೇರಿಗೆ ಕಪಿಲೆ ಕೂಡುತ್ತಾಳೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬುದು ನಂಬಿಕೆ. ಇಲ್ಲೂ ಮೂರು ಹರಿವುಗಳ ಸಂಗಮವಿದೆ: ಜಠರದಿಂದ ಬಂದ ಹುಳಿ ಗಂಜಿ, ಯಕೃತ್ತಿನ ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ. ಕೊನೆಯದರಲ್ಲಿರುವ ಬೈಕಾರ್ಬನೇಟ್ ಆಮ್ಲವನ್ನು ತಣಿಸುತ್ತದೆ. ಹಾಗೆ ತಣಿಯದಿದ್ದರೆ ಅದರ ಕಿಣ್ವಗಳಿಗೆ ಕೈಯೇ ಆಡದು. ಈ ರಸವನ್ನು ಕರೆಸುವ ಸೂಚನೆ ರಕ್ತದಲ್ಲಿ ಹರಿದು ಹೋಗುತ್ತದೆಂದು 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡುಹಿಡಿದರು. ಹಾರ್ಮೋನ್ ಎಂಬ ಕಲ್ಪನೆ ಬೆಳೆದದ್ದೇ ಆ ಶೋಧದಿಂದ. ಮುಂದೆ ಆರು ಮೀಟರಿನಷ್ಟು ಉದ್ದದ ಕರುಳಿನ ಒಳಮೈ ಮಖಮಲ್ಲಿನಂತೆ ಎಳೆಎಳೆಯಾಗಿದೆ. ಆ ಎಳೆಗಳ ಮೇಲಿನ ಕಿಣ್ವಗಳು ಪಿಷ್ಟದ ಕೊನೆಯ ತುಣುಕುಗಳನ್ನು ಗ್ಲೂಕೋಸ್ ಮಾಡುತ್ತವೆ, ಎಳೆಗಳು ಅದನ್ನು ಹೀರಿ ರಕ್ತಕ್ಕೆ ದಾಟಿಸುತ್ತವೆ. ರಾಗಿಯ ಹೆಮ್ಮೆಯಾದ ಕ್ಯಾಲ್ಸಿಯಂ (100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಮ್) ಒಳಸೇರುವುದೂ ಸಣ್ಣ ಕರುಳಿನಲ್ಲೇ, ಆದರೆ ಪೂರ್ತಿಯಲ್ಲ. ಕಾಳಿನಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದರ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲುತ್ತದೆ, ಕಾಳಿನದೇ ಅಮೈಲೇಸ್ ಕೂಡ ಎಚ್ಚರಗೊಳ್ಳುತ್ತದೆ. ಮೊಳಕೆ ರಾಗಿಯ ಸರಿ ನೀರಾಗಿ, ಹಸುಗೂಸಿಗೂ ಹಗುರಾಗುವುದು ಇದರಿಂದಲೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮಕ್ಕಳ ಆಹಾರಕ್ಕಾಗಿ ಈ ಗುಣವನ್ನು ದುಡಿಸಿಕೊಂಡಿದೆ.

ಮುದ್ದೆಯನ್ನು ಅಗಿಯದೆ ನುಂಗಬಹುದೆಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ. ಗುಂಡೇಟಿನ ಗಾಯ ಮುಚ್ಚದೆ ಜಠರಕ್ಕೆ ತೂತು ಉಳಿದಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಮೇಲೆ ಅಮೆರಿಕದ ವೈದ್ಯ ವಿಲಿಯಂ ಬೋಮಾಂಟ್ ವರ್ಷಗಟ್ಟಲೆ ಪ್ರಯೋಗ ಮಾಡಿ 1833ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆಹಾರ ಸಣ್ಣದಾದಷ್ಟೂ ಬೇಗ ಅರಗುತ್ತದೆ ಎಂದಿದ್ದ. ಅದು ಸರಿಯೇ, ಆದರೆ ಬೇಗ ಅರಗುವುದೇ ಒಳ್ಳೆಯದೆಂದು ಅದರಿಂದ ಸಿದ್ಧವಾಗುವುದಿಲ್ಲ. 1986ರಲ್ಲಿ ಬ್ರಿಟನ್ನಿನ ಸಂಶೋಧಕರು ಅನ್ನ, ಆಲೂಗಡ್ಡೆ ಮುಂತಾದವನ್ನು ಅಗಿಯದೆ ನುಂಗಿಸಿ ನೋಡಿದಾಗ ರಕ್ತದ ಸಕ್ಕರೆ ಕಡಿಮೆ ಏರಿತ್ತು. ಆ ಪ್ರಯೋಗದಲ್ಲಿ ಮುದ್ದೆ ಇರಲಿಲ್ಲ. ಬೀಸಿದ ಹಿಟ್ಟಿಗೆ ಅದೇ ಲೆಕ್ಕ ಹಾಕುವುದು ದುಡುಕು. ಇಡೀ ಉಂಡೆ ನಿಧಾನ ಸವೆಯುತ್ತದೆ, ರಾಗಿಯ ನಾರೂ ಜೊತೆಗಿದೆ. ಸಂಜೆಯವರೆಗೆ ಹಸಿವು ತಡೆಯುತ್ತದೆ ಎಂಬ ರೈತರ ಅನುಭವಕ್ಕೆ ಇವು ಒಪ್ಪುವ ವಿವರಣೆ ಕೊಡುತ್ತವೆ. ಹಾಗೆಂದು ಸಕ್ಕರೆ ಕಾಯಿಲೆಯವರು ಎಷ್ಟು ಮುದ್ದೆಯನ್ನಾದರೂ ಉಣ್ಣಬಹುದೆಂಬ ಮಾತನ್ನು ಒಪ್ಪಲಾಗದು. ಅದರಲ್ಲೂ ಬಹುಪಾಲು ಪಿಷ್ಟವೇ. ನುಂಗುವ ರಿಯಾಯಿತಿಯೂ ಮುದ್ದೆಗಷ್ಟೇ. ಸಾರಿನ ಅವರೆಕಾಳು, ಸೊಪ್ಪಿನ ದಂಟು, ಮಾಂಸದ ತುಂಡು ಬೀಸಿದವಲ್ಲ, ಅವನ್ನು ಹಲ್ಲೇ ಒಡೆಯಬೇಕು. ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಂದಿದವರಿಗೆ ಮುದ್ದೆಯ ಉಂಡೆ ಉಸಿರಿಗೇ ಅಡ್ಡವಾದೀತು.

ಎದೆಯುರಿ, ಹುಳಿತೇಗು, ಹುಣ್ಣು ಎಲ್ಲ ಜಠರದ ಸುತ್ತಲೇ ಕಾಣುವಾಗ ಅದನ್ನು ಬರೀ ಉಗ್ರಾಣ ಎನ್ನಬಹುದೇ ಎಂದೂ ಕೇಳಬಹುದು. ನೋವು ಕಾಣುವ ಜಾಗವೇ ಅರಗಿಸುವ ಜಾಗವಾಗಬೇಕಿಲ್ಲ. ಹುಣ್ಣಿಗೆ ಉಪ್ಪೆಸರಿನ ಖಾರವನ್ನು ದೂರುವುದು ರೂಢಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಗುರುತಿಸಿದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳ ಅತಿಬಳಕೆ ಅದರ ಮುಖ್ಯ ಕಾರಣಗಳು. ಆ ಶೋಧಕ್ಕೆ 2005ರಲ್ಲಿ ನೊಬೆಲ್ ಬಂತು.

ಸಣ್ಣ ಕರುಳಿನಲ್ಲೂ ಅರಗದ ನಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ, ಕರುಳಿನ ಗೋಡೆಯ ಜೀವಕೋಶಗಳಿಗೆ ಅವೇ ಊಟ. ನಂಜನಗೂಡಿನ ರಸಬಾಳೆಯಲ್ಲಿ ಅರಗುವಿಕೆಯ ಎರಡು ತುದಿಗಳನ್ನೂ ನೋಡಬಹುದು. ಬಲಿತ ಕಾಯಲ್ಲಿ ತುಂಬಿರುವ ಹಸಿ ಪಿಷ್ಟದ ಬಹುಪಾಲು ದೊಡ್ಡ ಕರುಳಿನವರೆಗೂ ಒಡೆಯದೆ ಹೋಗುತ್ತದೆ. ಗೊನೆ ಹಣ್ಣಾಗುವಾಗ ಬಾಳೆಯ ಕಿಣ್ವಗಳೇ ಆ ಪಿಷ್ಟವನ್ನು ಸಕ್ಕರೆ ಮಾಡಿಬಿಡುತ್ತವೆ. ಸಿಪ್ಪೆ ಸುಲಿಯುವ ಹೊತ್ತಿಗೆ ಕರುಳಿಗೆ ಉಳಿದಿರುವುದು ಹೀರಿಕೊಳ್ಳುವ ಕೆಲಸವೇ.